ಕೋಣೆಯಲ್ಲಿ ಹಾಡಿದ್ದು ಊರಿನ ಅಜ್ಜಿಗೆ ಕೇಳಬೇಕಾದರೆ

ಬಂಟ್ವಾಳದಲ್ಲಿ ಶುರುವಾಗುವ 75ನೇ ನಂಬ್ರದ ರಾಷ್ಟ್ರೀಯ ಹೆದ್ದಾರಿ ಹಾಸನ, ಬೆಂಗಳೂರು ದಾಟಿ ಕೋಲಾರ, ಮುಳಬಾಗಿಲಿನ ಮೇಲಾಗಿ ತಮಿಳುನಾಡಿನ ವೆಲ್ಲೂರಿಗೆ ಹೋಗುತ್ತದೆ. ಅದೇ ದಾರಿ ಹಿಡಿದು ಕರಾವಳಿಯಿಂದ ವ್ಯಾಪಾರಕ್ಕೆ ಬಂದು, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ನಮ್ಮಂಥ ಮನೆಗಳಲ್ಲಿ ರಾತ್ರಿಯ ಒಂದು ಕೆಲಸ ಉಂಟು. ಅಂಗಡಿ ಬಾಗಿಲು ಹಾಕಿ, ಇಶಾ ಮುಗಿಸಿ, ಮಕ್ಕಳು ಹೊಸದಾಗಿ ಕಲಿತ ಸೂರಾ, ಮೀಲಾದ್‌ಗೆ ತಯಾರಿ ಮಾಡಿದ ಮದ್‌ಹ್ ಹಾಡು, ಕೆಲವೊಮ್ಮೆ ಉಮ್ಮನ ಬಾಯಲ್ಲಿ ಇನ್ನೂ ಉಳಿದಿರುವ ಒಂದೆರಡು ಮದುವೆ ಪಾಟ್, ಇವನ್ನು ಮೊಬೈಲಲ್ಲಿ ಹಿಡಿದು ಊರಿನ ಗ್ರೂಪಿಗೆ ಹಾಕುವುದು. ಆಚೆಯಿಂದ ಬರುವ ಉತ್ತರವೂ ಹೆಚ್ಚುಕಮ್ಮಿ ಒಂದೇ: "ಮಾಶಾ ಅಲ್ಲಾಹ್, ಸ್ವರ ಚಂದ ಉಂಟು. ಆದ್ರೆ ಎಂತ ಹೇಳಿದ್ದು ಅಂತ ಗೊತ್ತಾಗ್ಲಿಲ್ಲ."

ಗೊತ್ತಾಗದಿರುವುದಕ್ಕೆ ಕಾರಣ ಹಾಡಿದವರ ಉಚ್ಚಾರ ಅಲ್ಲ. ಮಡಕೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಎಲ್ಲ ಗುಂಯ್ ಎನ್ನುತ್ತದೆ. ಬೇಸ್ ಜಾಸ್ತಿ. ಇದಕ್ಕೆ ಹೆಚ್ಚಿನವರು ಹುಡುಕುವ ಪರಿಹಾರ ಒಂದು ಆ್ಯಪ್, ಇಲ್ಲವೇ ಇನ್ನೂ ದುಬಾರಿ ಮೈಕ್. ನಾವು ನೋಡಿದ ಮಟ್ಟಿಗೆ ಆ್ಯಪ್ ತೆರೆಯುವ ಮೊದಲೇ ಮುಕ್ಕಾಲು ಪಾಲು ಕೆಲಸ ಕೆಟ್ಟಿರುತ್ತದೆ. ಅದು ಕೆಡುವುದು ಮೂರು ಕಡೆ: ಬಾಯಿಗೂ ಮೈಕಿಗೂ ನಡುವಿನ ಅಂತರದಲ್ಲಿ, ಕೋಣೆಯಲ್ಲಿ, ಮತ್ತು ಕೊನೆಗೆ ನಾವು ಯಾವುದರಲ್ಲಿ ಕೇಳಿ "ಓಕೆ" ಅನ್ನುತ್ತೇವೋ ಅದರಲ್ಲಿ.

ಅಕ್ಷರ ಇರುವುದು ಮೇಲೆ

ಗಂಡಸರ ಸ್ವರದ ಮೂಲ ಕಂಪನ ಸೆಕೆಂಡಿಗೆ ಸುಮಾರು 85ರಿಂದ 180 ಹರ್ಟ್ಸ್. ಹೆಂಗಸರದ್ದು ಸುಮಾರು 165ರಿಂದ 255. ಮಕ್ಕಳದ್ದು ಇನ್ನೂ ಮೇಲೆ. ಸ್ವರ ದಪ್ಪವೋ ತೆಳುವೋ ಎನ್ನುವುದು ಇಲ್ಲಿ ತೀರ್ಮಾನವಾಗುತ್ತದೆ. ಆದರೆ ಮಾತು ಅರ್ಥವಾಗುವುದು ಇಲ್ಲಿಂದ ಅಲ್ಲ. ಸೀನ್ ಮತ್ತು ಸ್ವಾದ್ ಬೇರೆ ಎಂದು ಕಿವಿಗೆ ತಿಳಿಸುವ ಗುರುತು, ಗಂಟಲ ಹಾಅ್ ಮತ್ತು ಎದೆಯುಸಿರಿನ ಹಾಅ್ ನಡುವಿನ ವ್ಯತ್ಯಾಸ, ಇವೆಲ್ಲ ಹೆಚ್ಚಾಗಿ 1000 ಹರ್ಟ್ಸ್‌ನಿಂದ ಮೇಲೆ ಇರುವ ಸಂಗತಿ. ಸೀನ್‌ನ ಸೀಟಿಯಂಥ ಸದ್ದು 4000 ಹರ್ಟ್ಸ್‌ನಿಂದಲೂ ಮೇಲಕ್ಕೆ ಹೋಗುತ್ತದೆ.

ಹಳೆಯ ಲ್ಯಾಂಡ್‌ಲೈನ್ ಫೋನನ್ನು ನೆನಪು ಮಾಡಿಕೊಳ್ಳಿ. ಅದು ದಾಟಿಸುತ್ತಿದ್ದದ್ದು 300ರಿಂದ 3400 ಹರ್ಟ್ಸ್ ಮಾತ್ರ. ಅಂದರೆ ಉಪ್ಪನ ಸ್ವರದ ಮೂಲ ಕಂಪನ ಆ ತಂತಿಯಲ್ಲಿ ಬರುತ್ತಲೇ ಇರಲಿಲ್ಲ! ಆದರೂ ಗಲ್ಫಿನಿಂದ ಬಂದ ಫೋನಿನಲ್ಲಿ "ಹಲೋ" ಅಂದ ಕೂಡಲೇ ಯಾರು ಅಂತ ಗೊತ್ತಾಗುತ್ತಿತ್ತು, ಹೇಳಿದ ಒಂದೊಂದು ಮಾತೂ ತಿಳಿಯುತ್ತಿತ್ತು. ಬೇಸ್ ಇಲ್ಲದೆ ಮಾತು ನಡೆಯುತ್ತದೆ. ಬೇಸ್ ಹೆಚ್ಚಾದರೆ ನಡೆಯುವುದಿಲ್ಲ. ಯಾಕೆಂದರೆ ನಮ್ಮ ಕಿವಿಯ ಗುಣವೇ ಹಾಗೆ: ಕೆಳಗಿನ ಜೋರು ಸದ್ದು ಮೇಲಿನ ಸಣ್ಣ ಸದ್ದನ್ನು ಮುಚ್ಚಿಹಾಕುತ್ತದೆ, ಮೇಲಿನದ್ದು ಕೆಳಗಿನದ್ದನ್ನು ಅಷ್ಟು ಮುಚ್ಚುವುದಿಲ್ಲ.

ಇನ್ನು ಕೇಳುವವರು ಯಾರು ಅಂತ ನೋಡಿದರೆ ವಿಷಯ ಇನ್ನೂ ಗಂಭೀರ. ವಯಸ್ಸಾದಂತೆ ಕಿವಿಯಲ್ಲಿ ಮೊದಲು ಹೋಗುವುದು ಮೇಲಿನ ಸದ್ದುಗಳೇ. ಉಳ್ಳಾಲದಲ್ಲೋ ಪುತ್ತೂರಿನಲ್ಲೋ ಕುಳಿತ ಎಪ್ಪತ್ತು ದಾಟಿದ ಅಜ್ಜಿಗೆ ಅಕ್ಷರದ ಭಾಗ ಮೊದಲೇ ಅರ್ಧ ಕೇಳುವುದು. ಅದರ ಮೇಲೆ ನಾವು ಕಂಬಳಿ ಹೊದಿಸಿದ ಹಾಗೆ ಬೇಸ್ ಹೊದಿಸಿ ಕಳಿಸಿದರೆ ಮೊಮ್ಮಗ ಏನೋ ಗುನುಗಿದ ಅಂತ ಮಾತ್ರ ತಿಳಿಯುತ್ತದೆ. ಅದೇ ರೀತಿ ಮದರಸದ ಉಸ್ತಾದರಿಗೆ ಪಾಠ ಒಪ್ಪಿಸಲು ವಾಯ್ಸ್ ಕಳಿಸುವ ಮಕ್ಕಳೂ ಇದ್ದಾರೆ. ಇಲ್ಲಿ ನಾವಿರುವ ಕಡೆ ನಮ್ಮ ಭಾಷೆಯ ಉಸ್ತಾದರು ಹತ್ತಿರ ಸಿಗುವುದು ಕಷ್ಟ, ಹಾಗಾಗಿ ಊರಿನವರಿಗೇ ಕಳಿಸುವುದು. ಮಖ್ರಜ್ ಸರಿ ಉಂಟೋ ಇಲ್ಲವೋ ಅಂತ ಅವರಿಗೆ ಕೇಳಿಸದಿದ್ದರೆ ತಿದ್ದುವುದು ಹೇಗೆ?

ಹಾಡಿನ ಮಾತೂ ಅಷ್ಟೇ. ನಮ್ಮ ಪಾಟ್‌ಗಳು ಹೆಚ್ಚಿನವು ಪುಸ್ತಕದಲ್ಲಿ ಇದ್ದದ್ದಲ್ಲ, ಬಾಯಲ್ಲಿ ಇದ್ದದ್ದು. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ಅರಬಿ-ಮಲಯಾಳದಲ್ಲಿ ಬರೆದ ಮುಹ್ಯಿದ್ದೀನ್ ಮಾಲೆ ನಾಲ್ಕು ನೂರು ವರ್ಷ ದಾಟಿ ಬಂದದ್ದರಲ್ಲಿ ಓದಿದ ಕಣ್ಣಿಗಿಂತ ಕೇಳಿದ ಕಿವಿಯ ಪಾಲೇ ದೊಡ್ಡದು ಎಂದು ನಮಗೆ ಅನಿಸುತ್ತದೆ. ಬ್ಯಾರಿ ಭಾಷೆಗೆ ಸರಕಾರದ ಸಾಹಿತ್ಯ ಅಕಾಡೆಮಿ ಬಂದದ್ದೇ 2007ರಲ್ಲಿ. ಅದಕ್ಕೂ ಮೊದಲಿನ ಎಷ್ಟೋ ಮದುವೆ ಹಾಡುಗಳ ಪದಗಳು ಈಗ ಕೆಲವೇ ಹೆಂಗಸರ ನಾಲಿಗೆ ಮೇಲೆ ಮಾತ್ರ ಇವೆ. ಅವನ್ನು ಹಿಡಿದಿಡುವಾಗ ಸ್ವರ ಉಳಿದು ಪದ ಹೋದರೆ ಹಿಡಿದದ್ದು ಅರ್ಧವೇ.

ಒಂದು ಗೇಣಿನ ಲೆಕ್ಕ

ಮೊದಲು ಮೈಕಿನ ವಿಷಯ. ಮುಂದಿನ ಸದ್ದನ್ನು ಹಿಡಿದು ಹಿಂದಿನದ್ದನ್ನು ಬಿಡುವ ಮೈಕ್‌ಗಳು (ಕಾರ್ಡಿಯಾಯ್ಡ್ ಎನ್ನುತ್ತಾರೆ) ಒಂದು ವಿಚಿತ್ರ ಗುಣ ಹೊಂದಿವೆ. ಬಾಯಿ ಹತ್ತಿರ ಬಂದಷ್ಟೂ ಬೇಸನ್ನು ಅವು ತಾವಾಗಿಯೇ ಹೆಚ್ಚಿಸುತ್ತವೆ. ಸ್ಟೇಜಿನಲ್ಲಿ ಕೈಯಲ್ಲಿ ಹಿಡಿಯುವ ಸಾಮಾನ್ಯ ಮೈಕನ್ನು ತುಟಿಗೆ ತಾಗಿಸಿ ಹಾಡಿದರೆ 100 ಹರ್ಟ್ಸ್‌ನ ಕೆಳಗೆ 6ರಿಂದ 10 ಡೆಸಿಬೆಲ್‌ವರೆಗೂ ಏರಿಕೆ ಆಗುತ್ತದೆ. ರೇಡಿಯೊದಲ್ಲಿ ಮಾತಾಡುವವರು ಗಂಭೀರವಾಗಿ ಕೇಳಿಸಲು ಇದನ್ನೇ ಬಳಸಿಕೊಳ್ಳುತ್ತಾರೆ. ನಮ್ಮ ಹುಡುಗರು ಯುಎಸ್‌ಬಿ ಮೈಕ್ ತರಿಸಿ, ವಿಡಿಯೊಗಳಲ್ಲಿ ಕಂಡ ಹಾಗೆ ಅದನ್ನು ಮುತ್ತಿಡುವಷ್ಟು ಹತ್ತಿರ ಇಟ್ಟು ಹಾಡುತ್ತಾರೆ. ಆಮೇಲೆ ಬೇಸ್ ಜಾಸ್ತಿ ಆಯ್ತು ಅಂತ ಆ್ಯಪ್ ಹುಡುಕುತ್ತಾರೆ.

ಅಂತರಕ್ಕೆ ಅಳತೆಪಟ್ಟಿ ಬೇಡ. ಹೆಬ್ಬೆರಳಿನಿಂದ ಕಿರುಬೆರಳಿಗೆ ಒಂದು ಗೇಣು ಅಳೆಯಿರಿ, ಸುಮಾರು ಒಂಬತ್ತು ಇಂಚು. ಹೆಬ್ಬೆರಳು ತುಟಿಗೆ, ಕಿರುಬೆರಳು ಮೈಕಿಗೆ. ಹಾಡಿಗೂ ಓದಿಗೂ ಅದು ಸಾಕು. ಜೋರು ಸ್ವರದವರು ಒಂದೂವರೆ ಗೇಣು ಹೋಗಬಹುದು. ಜೊತೆಗೆ ಮೈಕನ್ನು ಬಾಯಿಯ ನೇರಕ್ಕೆ ಇಡದೆ, ಬಾಯಿಯ ಒಂದು ಬದಿಗೆ ಸ್ವಲ್ಪ ಸರಿಸಿ, ಅದರ ಮುಖ ಮಾತ್ರ ಬಾಯಿಯ ಕಡೆ ತಿರುಗಿಸಿ. ಪ, ಬ, ಫ ಹೇಳುವಾಗ ಹೊರಡುವ ಗಾಳಿ ಮೈಕಿಗೆ ಬಡಿದು "ಧಬ್" ಅನ್ನುವುದು ಇದರಿಂದಲೇ ತಪ್ಪುತ್ತದೆ. ಹಾಡುವಾಗ ಭಾವಾವೇಶದಲ್ಲಿ ಮುಂದೆ ಹಿಂದೆ ತೂಗುವವರ ರೆಕಾರ್ಡಿಂಗಿನಲ್ಲಿ ಒಂದು ಸಾಲು ದಪ್ಪ, ಒಂದು ಸಾಲು ತೆಳು ಬರುತ್ತದೆ. ಅದನ್ನು ಯಾವ ಆ್ಯಪೂ ಅಚ್ಚುಕಟ್ಟಾಗಿ ಸರಿ ಮಾಡುವುದಿಲ್ಲ, ಇನ್ನೊಮ್ಮೆ ಹಾಡುವುದೇ ಸುಲಭ.

ಕೆಲವು ಮೈಕ್‌ಗಳ ಮೈಮೇಲೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಅದರ ಪಕ್ಕ ಎಡಗಡೆ ಕೆಳಗೆ ಬಾಗಿದ ಒಂದು ಗೆರೆಯ ಚಿತ್ರ. ಅದು ಬೇಸ್ ಕಡಿಮೆ ಮಾಡುವ ಸ್ವಿಚ್. ಕೊಂಡ ದಿನದಿಂದ ಅದನ್ನು ಮುಟ್ಟದವರೇ ಹೆಚ್ಚು. ಒಮ್ಮೆ ಹಾಕಿ ನೋಡಿ.

ಮೊಬೈಲಿನ ಸ್ವಂತ ಮೈಕ್ ಎಲ್ಲ ದಿಕ್ಕಿನಿಂದಲೂ ಒಂದೇ ರೀತಿ ಹಿಡಿಯುವ ಜಾತಿಯದ್ದು. ಅದಕ್ಕೆ ಈ ಹತ್ತಿರದ ರೋಗ ಇಲ್ಲ. ಹಾಗಾಗಿ ಬರೀ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದು ಗುಂಯ್ ಎನ್ನುತ್ತಿದ್ದರೆ ತಪ್ಪು ಕೋಣೆಯದ್ದೋ, ಮೊಬೈಲಿಟ್ಟ ಟೇಬಲಿನದ್ದೋ ಇರಬೇಕು. ಮರದ ಟೇಬಲ್ ಮೇಲೆ ಮಲಗಿಸಿದ ಮೊಬೈಲಿಗೆ ಟೇಬಲಿನ ನಡುಕವೂ ಸೇರುತ್ತದೆ. ಅಡಿಗೆ ಒಂದು ಮಡಚಿದ ಟವೆಲ್ ಹಾಕಿದರೆ ಆಯಿತು.

ಕಾಲರ್ ಮೈಕ್ ಬಗ್ಗೆ ಹೆಂಗಸರಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಈಗ ಅಗ್ಗಕ್ಕೆ ಸಿಗುವುದರಿಂದ ಬಹಳ ಮನೆಗಳಲ್ಲಿ ಉಂಟು. ಅದನ್ನು ಎದೆಯ ಮೇಲೆ ಸಿಕ್ಕಿಸಿ, ಮೇಲೆ ಶಾಲು ಹೊದ್ದು ಹಾಡಿದರೆ ಬಾಯಿಂದ ಹೊರಡುವ ಚೂಪು ಸದ್ದನ್ನೆಲ್ಲ ಬಟ್ಟೆ ನುಂಗುತ್ತದೆ, ಎದೆಗೂಡಿನ ಗುನುಗು ಮಾತ್ರ ಮೈಕಿಗೆ ಹೋಗುತ್ತದೆ. ಸ್ವರ ಸಣ್ಣದಾಗಿದ್ದರೂ ರೆಕಾರ್ಡಿಂಗ್ ದಪ್ಪ ಬರುವುದು ಹೀಗೆ. ಮೈಕನ್ನು ಶಾಲಿನ ಹೊರಗೆ, ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಇಲ್ಲವೇ ಸಿಕ್ಕಿಸದೆ ಎದುರಿಗೆ ದಿಂಬಿನ ಮೇಲೆ ಇಟ್ಟುಬಿಡಿ.

ಹಂಚಿನ ಮನೆ ಬೇರೆ, ಈ ಪೆಟ್ಟಿಗೆ ಬೇರೆ

ಊರಲ್ಲಿ ಇದೇ ಮೊಬೈಲ್, ಇದೇ ಹುಡುಗ, ಇಷ್ಟು ಗುಂಯ್ ಅನ್ನುತ್ತಿರಲಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಉತ್ತರ ಮಾಡಿನಲ್ಲಿ ಉಂಟು.

1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಹಬ್ಬಿದ ಹಂಚಿನ ಮಾಡಿನ ಕೆಳಗೆ ನಾವೆಲ್ಲ ಬೆಳೆದದ್ದು. ಹಂಚು ಹಂಚಿನ ನಡುವೆ ಸಂದು, ಮರದ ಪಕ್ಕಾಸು, ತೆರೆದ ಜಗಲಿ. ಬೇಸ್ ಸದ್ದು ಅಂಥ ಹಗುರ ಮಾಡಿನ ಮೂಲಕ, ಸಂದಿನ ಮೂಲಕ ಹೊರಗೆ ಹೋಗಿಬಿಡುತ್ತದೆ. ಒಳಗೆ ಸುತ್ತುವುದಿಲ್ಲ. ಇಲ್ಲಿ ಮಾಲೂರು ಹಂಚಿಗೂ ಇಟ್ಟಿಗೆಗೂ ಹೆಸರಾದ ಊರೇ ಹೌದು, ಆದರೆ ನಾವು ಬಾಡಿಗೆಗೆ ಇರುವ ಮನೆಗಳದ್ದು ಕಾಂಕ್ರೀಟ್ ತಾರಸಿ, ಸಿಮೆಂಟ್ ಗಾರೆಯ ಗೋಡೆ, ಟೈಲ್ಸ್ ನೆಲ. ಕೋಲಾರದ ಕಡೆಯ ಹಳೇ ಮನೆಯಾದರೆ ಮೇಲೆಯೂ ಕಲ್ಲು ಚಪ್ಪಡಿಯೇ. ಇಷ್ಟು ಭಾರದ, ಇಷ್ಟು ಗಟ್ಟಿಯ ಗೋಡೆಯಿಂದ ಬೇಸ್ ಹೊರಗೆ ಹೋಗುವುದಿಲ್ಲ, ವಾಪಸು ಬರುತ್ತದೆ.

ಅದರಲ್ಲೂ ಹತ್ತು ಅಡಿಗೆ ಹತ್ತು ಅಡಿಯ ಕೋಣೆ ಇದ್ದದ್ದರಲ್ಲಿ ಕೆಟ್ಟದ್ದು. ಲೆಕ್ಕ ಹೀಗೆ: ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹತ್ತು ಅಡಿ ಅಂದರೆ 3.05 ಮೀಟರ್. ಈ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ಊದಿಕೊಳ್ಳುವ ಸದ್ದು ಮೊದಲು 56 ಹರ್ಟ್ಸ್, ಆಮೇಲೆ ಅದರ ಎರಡರಷ್ಟು, 112 ಹರ್ಟ್ಸ್. ಈ 112 ಗಂಡಸರ ಸ್ವರದ ಸರಿಯಾಗಿ ನಡುವೆ ಬೀಳುತ್ತದೆ. ಉದ್ದ ಹತ್ತು, ಅಗಲ ಹತ್ತು, ಎತ್ತರವೂ ಹತ್ತು ಆದರೆ ಮೂರೂ ಕಡೆಯಿಂದ ಒಂದೇ ಸದ್ದು ಉಬ್ಬುತ್ತದೆ. ಕೆಲವು ಸ್ವರ ಮಾತ್ರ ಡೊಂಯ್ ಅಂತ ಎದ್ದು ನಿಲ್ಲುವುದು, ಉಳಿದವು ಸಾಧಾರಣ ಇರುವುದು, ಇದೇ ಕಾರಣದಿಂದ.

ಬೇಸ್ ಅತಿ ಹೆಚ್ಚು ಸೇರುವ ಜಾಗ ಮೂಲೆ. ನಮ್ಮಲ್ಲಿ ರೆಕಾರ್ಡ್ ಮಾಡಲು ಕೂರಿಸುವುದು ಮಾತ್ರ ಮೂಲೆಯಲ್ಲೇ, ಅಲ್ಲಿ ಸದ್ದುಗದ್ದಲ ಕಮ್ಮಿ ಅಂತ! ಕೋಣೆಯ ನಟ್ಟನಡುವೆಯೂ ಬೇಡ, 112 ಅಲ್ಲಿಯೂ ಉಬ್ಬುತ್ತದೆ. ಆ ಸದ್ದು ತಗ್ಗುವುದು ಗೋಡೆಯಿಂದ ಎರಡೂವರೆ ಅಡಿ ಒಳಗೆ, ಅಂದರೆ ಕೋಣೆಯ ಕಾಲು ಭಾಗದಲ್ಲಿ. ಎರಡು ಗೋಡೆಗಳಿಂದಲೂ ಎರಡೂವರೆ ಅಡಿ ಬಿಟ್ಟು ಮೈಕ್ ಇಡಿ. ಎತ್ತರಕ್ಕೂ ಅದೇ ಲೆಕ್ಕ ಹಿಡಿದರೆ ನೆಲದ ಮೇಲೆ ಚಕ್ಕಳಮಕ್ಕಳ ಕುಳಿತವರ ಬಾಯಿ ಬರುವುದೂ ಹೆಚ್ಚುಕಮ್ಮಿ ಎರಡೂವರೆ ಅಡಿಗೇ. ಕೆಳಗೆ ಒಂದು ದಪ್ಪ ಹತ್ತಿ ಹಾಸಿಗೆ ಹಾಸಿ ಕುಳಿತು ಓದುವ ನಮ್ಮ ರೂಢಿಗೆ ಈ ಲೆಕ್ಕ ಚೆನ್ನಾಗಿ ಕೂಡಿಬರುತ್ತದೆ.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದವರನ್ನೂ ಕಂಡಿದ್ದೇವೆ. ಬೇಕರಿ ಇಟ್ಟವರ ಮನೆಯಲ್ಲಿ ಟ್ರೇಗೆ ಬರ ಇಲ್ಲ ನೋಡಿ. ಬೇಸ್ ಮಟ್ಟಿಗೆ ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ. 100 ಹರ್ಟ್ಸ್‌ನ ಒಂದು ಅಲೆಯ ಉದ್ದವೇ ಸುಮಾರು ಹನ್ನೊಂದು ಅಡಿ, ಅದಕ್ಕೆ ಇಂಚು ದಪ್ಪದ ಕಾಗದದ ಟ್ರೇ ಇದ್ದದ್ದೂ ಗೊತ್ತಾಗುವುದಿಲ್ಲ. ತೆಳು ಬೆಡ್‌ಶೀಟ್, ಪರದೆ ಕಟ್ಟುವುದು ಇನ್ನೂ ಮೋಸ. ಬಟ್ಟೆ ಮೇಲಿನ ಚೂಪು ಸದ್ದನ್ನು ನುಂಗುತ್ತದೆ, ಬೇಸನ್ನು ಹಾಗೇ ಬಿಡುತ್ತದೆ. ಅಂದರೆ ಪರದೆ ಕಟ್ಟಿದ ಮೇಲೆ ರೆಕಾರ್ಡಿಂಗ್ ಮೊದಲಿಗಿಂತ ಹೆಚ್ಚು ಮಂಕಾಗುತ್ತದೆ. ತಲೆ ಮೇಲೆ ಕಂಬಳಿ ಮುಚ್ಚಿಕೊಂಡು ಹಾಡುವವರ ಗತಿಯೂ ಅದೇ.

ಸಹಾಯ ಮಾಡುವುದು ದಪ್ಪ ವಸ್ತು. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಕಡೆ ಮುಖ ಮಾಡಿ ಹಾಡಿ. ಹಾಸಿಗೆಗಳನ್ನು ಸುತ್ತಿ ಎರಡು ಮೂಲೆಗಳಲ್ಲಿ ನಿಲ್ಲಿಸಿ. ಬಾಗಿಲು ತೆರೆದಿಡಿ, ಪಕ್ಕದ ಕೋಣೆಗೆ ಬೇಸ್ ಸ್ವಲ್ಪ ಹರಿದುಹೋಗುತ್ತದೆ. ಮನೆಯಲ್ಲಿ ಇದ್ದದ್ದರಲ್ಲಿ ಉದ್ದ ಅಗಲ ಬೇರೆ ಬೇರೆ ಇರುವ, ಸಾಮಾನು ತುಂಬಿದ ಹಾಲ್ ಆಯ್ಕೆ ಮಾಡಿ. ಬಾತ್‌ರೂಮ್ ಹಾಡಲು ಖುಷಿ, ರೆಕಾರ್ಡಿಗೆ ಬೇಡ.

ಹೊರಗಿನ ಸದ್ದೂ ಕೆಳಗೇ ಸೇರುತ್ತದೆ. ಮುಳಬಾಗಿಲಿನಲ್ಲಿ ಹೆದ್ದಾರಿಯ ಲಾರಿ, ಮಾಲೂರಿನಲ್ಲಿ ರೈಲು, ಎಲ್ಲ ಕಡೆ ನೀರಿನ ಮೋಟಾರು, ಫ್ರಿಜ್ಜು. ಕರೆಂಟಿನ 50 ಹರ್ಟ್ಸ್ ಗುಂಯ್ ಅಗ್ಗದ ವೈರುಗಳ ಮೂಲಕವೂ ಒಳಗೆ ಬರುತ್ತದೆ. ಹಾಡುವ ಹತ್ತು ನಿಮಿಷ ಫ್ರಿಜ್ ಆರಿಸಿದರೆ ಏನೂ ಹಾಳಾಗುವುದಿಲ್ಲ. ತಿರುಗಿ ಹಾಕಲು ಮಾತ್ರ ಮರೆಯಬೇಡಿ.

ಯಾವುದರಲ್ಲಿ ಕೇಳಿ ತೀರ್ಮಾನ ಮಾಡುವುದು?

ಮೊಬೈಲಿನ ಸ್ಪೀಕರ್ ಬೆರಳಿನ ಉಗುರಿನಷ್ಟು. ಅದರಲ್ಲಿ 200, 300 ಹರ್ಟ್ಸ್‌ನ ಕೆಳಗಿನದ್ದು ಬಹುತೇಕ ಕೇಳುವುದೇ ಇಲ್ಲ. ಅದರಲ್ಲಿ ಕೇಳಿ "ಸ್ವರ ತೆಳು ಉಂಟು" ಅಂತ ಬೇಸ್ ಏರಿಸಿದರೆ, ಕಾರಿನಲ್ಲೋ ಮದರಸದ ಹಾಲಿನ ಬಾಕ್ಸಿನಲ್ಲೋ ಹಾಕಿದಾಗ ಗೋಡೆ ನಡುಗುತ್ತದೆ. ಎಕ್ಸ್‌ಟ್ರಾ ಬೇಸ್ ಎಂದು ಬರೆದುಕೊಂಡ ಇಯರ್‌ಫೋನ್‌ಗಳದ್ದು ಉಲ್ಟಾ ಸಮಸ್ಯೆ: ಅವು ಇಲ್ಲದ ಬೇಸನ್ನೂ ಸೇರಿಸುತ್ತವೆ, ನೀವು ಒಳ್ಳೆಯ ರೆಕಾರ್ಡಿಂಗನ್ನೂ ಕತ್ತರಿಸಿ ತೆಳುಮಾಡುತ್ತೀರಿ.

ಇನ್ನೊಂದು ಸೂಕ್ಷ್ಮ, 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಅಳೆದು ತೋರಿಸಿದ್ದು. ಸದ್ದು ಸಣ್ಣದಿರುವಾಗ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ, ದೊಡ್ಡದಾದಾಗ ಹೆಚ್ಚು. ರಾತ್ರಿ ಮಕ್ಕಳು ಮಲಗಿದ ಮೇಲೆ ಸಣ್ಣಕ್ಕೆ ಇಟ್ಟು ಸರಿಮಾಡಿದ್ದು ಹಗಲು ಜೋರಾಗಿ ಹಾಕಿದಾಗ ದಪ್ಪ ಆಗುವುದು ಅದಕ್ಕೇ. ಆದ್ದರಿಂದ ಇಬ್ಬರು ಎದುರೆದುರು ಮಾತಾಡುವಷ್ಟು ಸದ್ದಿಟ್ಟು ಕೇಳಿ. ಮೊಬೈಲ್, ಒಂದು ಸಾದಾ ಇಯರ್‌ಫೋನ್, ಮತ್ತೆ ಯಾರದ್ದಾದರೂ ಕಾರು, ಮೂರರಲ್ಲೂ ಪದ ತಿಳಿದರೆ ಸಾಕು. ಮೂರರಲ್ಲೂ ಚಂದ ಕೇಳಬೇಕು ಅಂತ ಹಟ ಬೇಡ.

ಇಷ್ಟಾದ ಮೇಲೆ ಆ್ಯಪ್

ಕಂಪ್ಯೂಟರಿನಲ್ಲಾದರೆ ಉಚಿತವಾಗಿ ಸಿಗುವ ಆಡಾಸಿಟಿ ಸಾಕು. ಮೊಬೈಲಿನಲ್ಲಾದರೆ ಈಕ್ವಲೈಝರ್ ಇರುವ ಯಾವುದಾದರೂ ರೆಕಾರ್ಡಿಂಗ್ ಆ್ಯಪ್. ಮೊದಲು ಮೂಲ ಫೈಲಿನ ಒಂದು ನಕಲು ಮಾಡಿಟ್ಟುಕೊಳ್ಳಿ. ಕತ್ತರಿಸಿ ಸೇವ್ ಮಾಡಿದ ಬೇಸ್ ವಾಪಸು ಬರುವುದಿಲ್ಲ.

ಮೊದಲ ಹೆಜ್ಜೆ ಹೈ-ಪಾಸ್ ಫಿಲ್ಟರ್. ಹೆಸರು ಕೇಳಿ ಗಾಬರಿ ಬೇಡ, ಹೇಳಿದ ಅಂಕಿಯ ಕೆಳಗಿನದ್ದನ್ನು ಜರಡಿ ಹಿಡಿದು ಬಿಡುವ ಕೆಲಸ ಅದರದ್ದು. ಗಂಡಸರ ಸ್ವರಕ್ಕೆ 80, ಹೆಂಗಸರಿಗೆ 120, ಮಕ್ಕಳಿಗೆ 150ರ ಹತ್ತಿರ ಇಡಿ. ಇಳಿಜಾರು ಎಷ್ಟು ಅಂತ ಕೇಳಿದರೆ 12 ಡೆಸಿಬೆಲ್ ಆರಿಸಿ. ಲಾರಿ, ಫ್ರಿಜ್, ಗಾಳಿಯ ಧಬ್ ಹೆಚ್ಚಿನವು ಇದರಲ್ಲೇ ಇಳಿಯುತ್ತವೆ.

ಆಮೇಲೂ ಗುಂಯ್ ಉಳಿದರೆ ಅದು 150ರಿಂದ 350 ಹರ್ಟ್ಸ್ ನಡುವೆ ಎಲ್ಲೋ ಅಡಗಿದೆ. ಹುಡುಕುವ ಉಪಾಯ: ಈಕ್ವಲೈಝರಿನಲ್ಲಿ ಒಂದು ಕಿರಿದಾದ ಪಟ್ಟಿಯನ್ನು 8 ಡೆಸಿಬೆಲ್ ಮೇಲೆತ್ತಿ, ಹಾಡು ಓಡುತ್ತಿರುವಾಗಲೇ ಅದನ್ನು ಮೆಲ್ಲ ಎಡದಿಂದ ಬಲಕ್ಕೆ ಸರಿಸಿ. ಒಂದು ಜಾಗದಲ್ಲಿ ಸಹಿಸಲಾಗದಷ್ಟು ಡೊಂಯ್ ಅನ್ನುತ್ತದೆ. ಕಳ್ಳ ಅಲ್ಲಿಯೇ ಇದ್ದಾನೆ. ಈಗ ಎತ್ತಿದ್ದನ್ನು ಕೆಳಗಿಳಿಸಿ, ಸೊನ್ನೆಯಿಂದ 3 ಅಥವಾ 4 ಡೆಸಿಬೆಲ್ ತಗ್ಗಿಸಿ, ಪಟ್ಟಿಯನ್ನು ಸ್ವಲ್ಪ ಅಗಲ ಮಾಡಿ. ಅಷ್ಟೇ. ಹೆಚ್ಚಿನವರು ಇಲ್ಲಿ ಟ್ರೆಬಲ್ ಏರಿಸಲು ಹೋಗುತ್ತಾರೆ. ಬೇಡ. ಏರಿಸಿದರೆ ಸೀನ್, ಶೀನ್ ಕಿವಿಗೆ ಚುಚ್ಚುತ್ತವೆ, ಹಿಂದಿನ ಫ್ಯಾನಿನ ಸದ್ದೂ ಮೇಲೇಳುತ್ತದೆ.

ಕಿರಾಅತ್‌ಗೆ ಒಂದು ಎಚ್ಚರಿಕೆ. ಗುನ್ನದ ಮೂಗಿನ ನಾದ ಇರುವುದು ಸುಮಾರು 250, 300 ಹರ್ಟ್ಸ್ ಆಸುಪಾಸಿನಲ್ಲಿ. ಬೇಸ್ ಹೋಗಲಿ ಅಂತ ಅಲ್ಲಿ 8, 10 ಡೆಸಿಬೆಲ್ ಕತ್ತರಿಸಿದರೆ ನೂನ್, ಮೀಮ್ ಒಣಗಿಹೋಗುತ್ತವೆ. ಹುಡುಗ ಎರಡು ಹರಕತ್ ಎಳೆದಿದ್ದರೂ ಉಸ್ತಾದರಿಗೆ ಅರ್ಧ ಕೇಳಿದ ಹಾಗಾಗುತ್ತದೆ, ಮಗುವಿಗೆ ಸುಮ್ಮನೆ ಬೈಗುಳ. ಓದಿನ ರೆಕಾರ್ಡಿಂಗಿನಲ್ಲಿ ಹೈ-ಪಾಸ್ ಹಾಕಿ, ಅದರ ಮೇಲೆ 2 ಡೆಸಿಬೆಲ್‌ಗಿಂತ ಹೆಚ್ಚು ಮುಟ್ಟದಿರುವುದು ಕ್ಷೇಮ. ಎಕೋ ಅಂತೂ ಪಾಠ ಒಪ್ಪಿಸುವ ರೆಕಾರ್ಡಿಗೆ ಹಾಕಲೇಬಾರದು. ಮದ್ದ್ ಎಷ್ಟು ಎಳೆದ, ಎಲ್ಲಿ ನಿಲ್ಲಿಸಿದ ಎಂದು ಎಕೋದಲ್ಲಿ ತಿಳಿಯುವುದಿಲ್ಲ.

ಹಾಡಿಗೆ ಎಕೋ ಬೇಕು ಅನ್ನುವವರ ಜೊತೆ ನಮಗೆ ಜಗಳ ಇಲ್ಲ, ಈಗಿನ ಕೆಲವು ಹಾಡುಗಳಲ್ಲಿ ಬಾವಿಯೊಳಗಿಂದ ಹಾಡಿದ ಹಾಗೆ ಇರುತ್ತದೆ ಅನ್ನುವುದು ಬಿಟ್ಟರೆ. ಬೇಸ್ ಕತ್ತರಿಸಿದ ಮೇಲೆ ಎಕೋ ಹಾಕಿ, ಮೊದಲು ಅಲ್ಲ. ಮೊದಲೇ ಹಾಕಿದರೆ ಗುಂಯ್‌ಗೂ ಎಕೋ ಬರುತ್ತದೆ.

ವಾದ್ಯ ಇಲ್ಲದೆ ಬರೀ ಸ್ವರದಲ್ಲೇ ಮಾಡುವ ಹಾಡುಗಳು ನಮ್ಮಲ್ಲಿ ಬಹಳ. ಹಿಂದೆ "ಹೂಂ" ಎಂದು ಗುನುಗುವ ನಾಲ್ಕೈದು ಪದರ ಸೇರಿಸುತ್ತಾರೆ. ಒಬ್ಬನೇ ಹುಡುಗ, ಒಂದೇ ಕೋಣೆ, ಒಂದೇ ಮೈಕ್ ಆದ ಕಾರಣ ಪ್ರತಿ ಪದರಕ್ಕೂ ಅದೇ ಜಾಗದಲ್ಲಿ ಅದೇ ಉಬ್ಬು ಇರುತ್ತದೆ, ಎಲ್ಲ ಒಂದರ ಮೇಲೊಂದು ಬಿದ್ದು ಗುಡ್ಡೆಯಾಗುತ್ತದೆ. ಮುಖ್ಯ ಸ್ವರವನ್ನು ಹಾಗೇ ಬಿಟ್ಟು ಗುನುಗಿನ ಪದರಗಳಿಗೆ ಮಾತ್ರ 200ರವರೆಗೆ ಹೈ-ಪಾಸ್ ಹಾಕಿ. ಗುನುಗು ಒಂಟಿಯಾಗಿ ಕೇಳಿದರೆ ತೆಳು ಅನಿಸಬಹುದು, ಸೇರಿಸಿದಾಗ ಸರಿಯಾಗುತ್ತದೆ. ದಫ್ ಜೊತೆ ಹಾಡುವುದಾದರೆ ಸಣ್ಣ ಕೋಣೆಯಲ್ಲಿ ಒಟ್ಟಿಗೆ ಬೇಡ, ದಫ್ ಬೇರೆ ಹಿಡಿದು ಆಮೇಲೆ ಸೇರಿಸಿ. ಒಟ್ಟಿಗೇ ಆಗಬೇಕಾದರೆ ತಾರಸಿ ಮೇಲೆ ಹೋಗಿ. ಶ್ರೀನಿವಾಸಪುರದ ಕಡೆ ಮಾವಿನ ತೋಪಿನ ಪಕ್ಕ ಮನೆ ಇದ್ದವರಿಗೆ ಇನ್ನೂ ಸುಲಭ, ಗೋಡೆಯೇ ಇಲ್ಲದ ಜಾಗದಲ್ಲಿ ಬೇಸ್ ಸುತ್ತುವುದಿಲ್ಲ. ಗಾಳಿ ಬೀಸದ ಹೊತ್ತು ನೋಡಿಕೊಂಡರೆ ಸರಿ.

ಕಳಿಸುವಾಗ ವಾಟ್ಸ್ಆ್ಯಪ್‌ನ ವಾಯ್ಸ್ ಬಟನ್ ಒತ್ತಿ ಹಿಡಿದದ್ದು ಹಿಂಡಿ ಸಣ್ಣದಾಗಿ ಹೋಗುತ್ತದೆ. ಬೇರೆಯಾಗಿ ರೆಕಾರ್ಡ್ ಮಾಡಿ, ಸರಿಪಡಿಸಿ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದದ್ದು ಇದ್ದ ಹಾಗೆ ತಲುಪುತ್ತದೆ.

ಹಳೇ ಕ್ಯಾಸೆಟ್ ಇದ್ದರೆ

ಗಲ್ಫಿಗೆ ಹೋದವರಿಗೆ ಕಾಗದದ ಬದಲು ಮಾತು ತುಂಬಿದ ಕ್ಯಾಸೆಟ್ ಕಳಿಸುತ್ತಿದ್ದ ಕಾಲ ಒಂದಿತ್ತು. ಮದುವೆ ಮನೆಯ ಹಾಡು, ಅಜ್ಜನ ಮಾತು ಅಂಥ ಕ್ಯಾಸೆಟ್‌ಗಳಲ್ಲಿ ಇನ್ನೂ ಕೆಲವರ ಪೆಟ್ಟಿಗೆಯಲ್ಲಿ ಉಂಟು. ಈಗ ಅದನ್ನು ಹಾಕಿದರೆ ಬರೀ ಬೇಸ್, ಪದ ತಿಳಿಯುವುದಿಲ್ಲ ಎನ್ನುತ್ತಾರೆ. ಇಲ್ಲಿ ಬೇಸ್ ಕತ್ತರಿಸಲು ಹೋಗಬೇಡಿ. ಬಹಳ ಸಲ ಬೇಸ್ ಹೆಚ್ಚಾಗಿರುವುದಿಲ್ಲ, ಮೇಲಿನ ಸದ್ದು ಕಳೆದುಹೋಗಿರುತ್ತದೆ. ಪ್ಲೇಯರಿನ ಹೆಡ್ ಮೇಲೆ ಕೂತ ಕಂದು ಬಣ್ಣದ ಪುಡಿಯೇ ಸಾಕು ಅದನ್ನು ತಿನ್ನಲು. ಮೆಡಿಕಲ್‌ನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಕಡ್ಡಿಗೆ ತಾಗಿಸಿ ಮೆಲ್ಲಗೆ ಒರೆಸಿ, ಪೂರ್ತಿ ಒಣಗಲು ಬಿಡಿ. ಆಮೇಲೂ ಮಂಕಾಗಿದ್ದರೆ ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತದೆ. ಹೆಡ್ ಟೇಪಿಗೆ ಸರಿಯಾಗಿ ನೆಟ್ಟಗೆ ಕೂರದೆ ಸ್ವಲ್ಪ ವಾಲಿದರೂ ಮೇಲಿನ ಸದ್ದು ಹೋಗುತ್ತದೆ. ಕ್ಯಾಸೆಟ್ ಓಡುತ್ತಿರುವಾಗ ಆ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, ಪದ ಎಲ್ಲಿ ತಟ್ಟನೆ ಬಿಚ್ಚಿಕೊಳ್ಳುತ್ತದೋ ಅಲ್ಲಿ ನಿಲ್ಲಿಸಿ. ಕೈ ನಡುಗುವವರು ಹಳೇ ರೇಡಿಯೊ ರಿಪೇರಿಯವರ ಹತ್ತಿರ ಮಾಡಿಸಿ.

ಎರಡೂ ಬದಿಯನ್ನು ಯಾವ ಫಿಲ್ಟರೂ ಹಾಕದೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಸರಿಪಡಿಸುವುದೆಲ್ಲ ಅದರ ನಕಲಿನಲ್ಲಿ. ಫೈಲಿನ ಹೆಸರಿನಲ್ಲಿ ಯಾರು ಹಾಡಿದ್ದು, ಯಾವ ಊರು, ಯಾರ ಮದುವೆ, ಯಾವ ವರ್ಷ ಎಂದು ಈಗಲೇ ಬರೆಯಿರಿ, ಆ ಸ್ವರ ಇಂಥವರದ್ದು ಎಂದು ಗುರುತಿಸುವವರು ಮನೆಯಲ್ಲಿ ಇರುವಾಗಲೇ.